ಹಿಂದಿನ ಸಾಲಿನ ಕಾಯಿಲ್: ಒಂದನ್ನು ಬದಲಿಸಬೇಕೇ, ಎಲ್ಲವನ್ನೂ ಬದಲಿಸಬೇಕೇ?

2020ರ ವರೆಗಿನ ಟೊಯೋಟಾ ಸಿಯೆನ್ನಾ ಮಿನಿವ್ಯಾನಿನ ಬಾನೆಟ್ ಎತ್ತಿ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ವಿ6 ಎಂಜಿನ್ನಿನ ಮುಂದಿನ ಸಾಲಿನ ಮೂರು ಇಗ್ನಿಷನ್ ಕಾಯಿಲ್‌ಗಳು ಕಣ್ಣೆದುರಿಗೇ ಇರುತ್ತವೆ. ಕನೆಕ್ಟರ್ ಬಿಡಿಸಿ, 10 ಎಂಎಂ ಬೋಲ್ಟ್ ಒಂದನ್ನು ಬಿಚ್ಚಿ, ಸ್ವಲ್ಪ ತಿರುಗಿಸಿ ಮೇಲಕ್ಕೆಳೆದರೆ ಕಾಯಿಲ್ ಕೈಗೆ ಬರುತ್ತದೆ. ಕೆಲವೇ ನಿಮಿಷಗಳ ಕೆಲಸ. ಹಿಂದಿನ ಸಾಲಿನಲ್ಲಿರುವುದೂ ಅದೇ ಕಾಯಿಲ್, ಅದೇ ಬೋಲ್ಟ್. ಆದರೆ ಅದರ ಮೇಲೆ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿನ ಮೇಲ್ಭಾಗ ಕವುಚಿ ಕೂತಿದೆ. ಬೆನ್ನಿಗೆ ಎಂಜಿನ್ ಗೂಡನ್ನು ಕ್ಯಾಬಿನ್ನಿನಿಂದ ಬೇರ್ಪಡಿಸುವ ಫೈರ್‌ವಾಲ್, ನೆತ್ತಿಯ ಮೇಲೆ ವೈಪರ್‌ಗಳನ್ನು ಹೊತ್ತ ಕೌಲ್. ಅಲ್ಲಿಗೆ ಸಲೀಸಾಗಿ ಕೈ ಹೋಗಬೇಕಾದರೆ ವೈಪರ್ ತೋಳು, ಕೌಲ್, ಥ್ರಾಟಲ್ ಬಾಡಿಗೆ ಬರುವ ದಪ್ಪ ಪೈಪು, ಹತ್ತಾರು ಹೋಸು ಕನೆಕ್ಟರುಗಳು, ಕಡೆಗೆ ಮ್ಯಾನಿಫೋಲ್ಡು, ಎಲ್ಲವನ್ನೂ ಬಿಚ್ಚಬೇಕು. ಅರ್ಧ ದಿನ ಹೋಗುತ್ತದೆ.

ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳಲ್ಲಿ ಇಂಥ ಮಿನಿವ್ಯಾನ್ ಇಟ್ಟುಕೊಂಡವರಿಗೆ ಈ ಕೆಲಸದ ಬಿಲ್ಲಿನ ಬಿಸಿ ಗೊತ್ತು. ನಮ್ಮಲ್ಲಿ ಹಳೆಯ ಹೋಂಡಾ ಸಿಟಿ ಓಡಿಸಿದವರಿಗೂ ಗೊತ್ತು. ಅದರ ಕಥೆ ಮುಂದೆ ಬರುತ್ತದೆ. ಒಂದು ಕಾಯಿಲ್ ಕೆಟ್ಟಾಗ ಅದೊಂದನ್ನೇ ಬದಲಿಸಬೇಕೇ, ಹಿಂದಿನ ಸಾಲಿನ ಮೂರನ್ನೂ ಬದಲಿಸಬೇಕೇ, ಆರನ್ನೂ ಬದಲಿಸಬೇಕೇ? ಮ್ಯಾನಿಫೋಲ್ಡ್ ಬಿಚ್ಚಬೇಕೇ, ಸಂದಿಯಲ್ಲಿ ಕೈ ತೂರಿಸಬೇಕೇ? ಅನುಭವಿ ಮೆಕ್ಯಾನಿಕ್ಕುಗಳೇ ಇದರಲ್ಲಿ ಒಂದು ಮಾತಿಗೆ ಬಂದಿಲ್ಲ. ಒಂದೇ ಸಾಕೆನ್ನುವವರೂ ಎಲ್ಲವೂ ಬೇಕೆನ್ನುವವರೂ ಕಾಯಿಲ್‌ಗಳ ಲೆಕ್ಕ ಇಡುತ್ತಾರೆ. ಲೆಕ್ಕ ಇಡಬೇಕಾದದ್ದು ಎಂಜಿನ್ನನ್ನು ಎಷ್ಟು ಸಲ ಬಿಚ್ಚಬೇಕಾಗುತ್ತದೆ ಎಂಬುದರದು ಎಂದು ನನಗನ್ನಿಸುತ್ತದೆ. ಹಾಗೆ ನೋಡಿದಾಗ ಹಳೆಯ ಜಗಳದ ಅರ್ಧ ಭಾಗ ತಾನಾಗಿ ತಿಳಿಯಾಗುತ್ತದೆ.

ಮರದ ಪೆಟ್ಟಿಗೆಯಿಂದ ಪ್ಲಗ್ಗಿನ ನೆತ್ತಿಗೆ

ಬ್ಯಾಟರಿಯಲ್ಲಿರುವುದು 12 ವೋಲ್ಟ್. ಪ್ಲಗ್ಗಿನ ತುದಿಯಲ್ಲಿ ಸುಮಾರು ಒಂದು ಮಿಲಿಮೀಟರ್ ಅಂತರವನ್ನು, ಅದೂ ಒತ್ತಡಕ್ಕೆ ಸಿಕ್ಕ ಗಾಳಿ ಪೆಟ್ರೋಲುಗಳ ನಡುವೆ, ಕಿಡಿ ಜಿಗಿಯಲು ಹತ್ತಾರು ಸಾವಿರ ವೋಲ್ಟ್ ಬೇಕು. ಈ ಎರಡರ ನಡುವಿನ ಸೇತುವೆಯೇ ಕಾಯಿಲ್. ಒಳಗೆ ದಪ್ಪ ತಂತಿಯ ಕಡಿಮೆ ಸುತ್ತುಗಳ ಪ್ರೈಮರಿ, ಕೂದಲಿನಷ್ಟು ತೆಳು ತಂತಿಯ ಸಾವಿರಾರು ಸುತ್ತುಗಳ ಸೆಕೆಂಡರಿ. ಪ್ರೈಮರಿಯಲ್ಲಿ ಹರಿಯುವ ಕರೆಂಟನ್ನು ತಟ್ಟನೆ ಕಡಿದಾಗ ಕಾಂತಕ್ಷೇತ್ರ ಕುಸಿದು ಸೆಕೆಂಡರಿಯಲ್ಲಿ ಕಿಡಿಗೆ ಬೇಕಾದ ವೋಲ್ಟ್ ಹುಟ್ಟುತ್ತದೆ.

ಸಿಲಿಂಡರಿಗೊಂದು ಕಾಯಿಲ್ ಇಡುವುದು ಹೊಸ ಉಪಾಯವೇನಲ್ಲ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿಯಲ್ಲಿ ನಾಲ್ಕು ಸಿಲಿಂಡರಿಗೆ ನಾಲ್ಕು ಕಾಯಿಲ್ ಇದ್ದವು. ಮರದ ಪೆಟ್ಟಿಗೆಯಲ್ಲಿ ಸಾಲಾಗಿ ಕೂತಿದ್ದ ಅವುಗಳ ಜಾಗ ಡ್ರೈವರ್ ಎದುರಿನ ಡ್ಯಾಶ್‌ಬೋರ್ಡು. ಒಂದು ಕೆಟ್ಟರೆ ಕೂತಲ್ಲಿಂದಲೇ ಹೊರಗೆಳೆದು ಇನ್ನೊಂದನ್ನು ಹಾಕಬಹುದಿತ್ತು. ನಂತರ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಬ್ಯಾಟರಿ ಇಗ್ನಿಷನ್ ಬಂತು. 1910ರ ಆಸುಪಾಸಿನಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಕಾಣಿಸಿಕೊಂಡ ಆ ಪದ್ಧತಿಯಲ್ಲಿ ಒಂದೇ ಕಾಯಿಲ್, ಕಿಡಿಯನ್ನು ಸಿಲಿಂಡರ್‌ಗಳಿಗೆ ಸರದಿಯಂತೆ ಹಂಚಲು ಒಂದು ಡಿಸ್ಟ್ರಿಬ್ಯೂಟರ್. ಮುಂದಿನ ಆರೇಳು ದಶಕ ಜಗತ್ತಿನ ಬಹುಪಾಲು ಕಾರುಗಳು ಇದನ್ನೇ ನೆಚ್ಚಿಕೊಂಡವು. ನಮ್ಮ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲೂ ಎಂಜಿನ್ ಗೂಡಿನೊಳಗೆ ಡಬ್ಬಿಯಂಥ ಕಾಯಿಲ್ ಕಣ್ಣಿಗೆ ಕಾಣುವಂತೆ ಇರುತ್ತಿತ್ತು. ಪಾಯಿಂಟ್ ಉಜ್ಜುವುದು, ಕಂಡೆನ್ಸರ್ ಬದಲಿಸುವುದು ಎಲ್ಲ ಊರಿನ ಎಲ್ಲ ಮೇಸ್ತ್ರಿಗೂ ಬರುತ್ತಿದ್ದ ಕೆಲಸ.

1948ರ ಸಿಟ್ರೋನ್ 2ಸಿವಿ ಕಾರು ಡಿಸ್ಟ್ರಿಬ್ಯೂಟರ್ ಇಲ್ಲದೆಯೇ ಎರಡು ಸಿಲಿಂಡರಿಗೂ ಒಟ್ಟಿಗೆ ಕಿಡಿ ಕೊಟ್ಟು ದಾರಿ ತೋರಿಸಿತ್ತು. 1980ರ ದಶಕದ ಕೊನೆಗೆ ಸ್ವೀಡನ್ನಿನ ಸಾಬ್ ಕಂಪನಿ ನಾಲ್ಕೂ ಕಾಯಿಲ್‌ಗಳನ್ನು ಒಂದೇ ಕ್ಯಾಸೆಟ್ಟಿನಲ್ಲಿಟ್ಟು ನೇರವಾಗಿ ಪ್ಲಗ್ಗುಗಳ ಮೇಲೆ ಕೂರಿಸಿತು. 1990ರ ದಶಕದಿಂದ ಈಚೆಗೆ ಒಂದೊಂದು ಪ್ಲಗ್ಗಿನ ನೆತ್ತಿಯ ಮೇಲೂ ಒಂದೊಂದು ಕಾಯಿಲ್ ಎಂಬುದು ಸಾಮಾನ್ಯ ರೂಢಿಯಾಯಿತು. ಇದರಿಂದ ಆದ ಲಾಭ ದೊಡ್ಡದು. ಸವೆಯುವ ರೋಟರ್ ಇಲ್ಲ, ಮಳೆಯಲ್ಲಿ ಕರೆಂಟ್ ಸೋರುವ ಉದ್ದನೆಯ ಪ್ಲಗ್ ವೈರು ಇಲ್ಲ, ಪ್ರತಿ ಸಿಲಿಂಡರಿನ ಕಿಡಿಯ ಗಳಿಗೆಯನ್ನು ಕಂಪ್ಯೂಟರ್ ಬೇರೆಬೇರೆಯಾಗಿ ತಿದ್ದಬಹುದು.

ಕಳೆದುಕೊಂಡದ್ದೂ ಇದೆ. ಎಂಜಿನ್ ಗೂಡಿನ ತಂಪಾದ ಮೂಲೆಯಲ್ಲಿದ್ದ ಭಾಗ ಈಗ ಸಿಲಿಂಡರ್ ಹೆಡ್ಡಿನ ಬಾವಿಯೊಳಗೆ, ಬಿಸಿ ಮತ್ತು ಅದುರುವಿಕೆಯ ನಡುವೆ ಬದುಕಬೇಕಾಯಿತು. ವಾಲ್ವ್ ಕವರಿನ ಪ್ಯಾಕಿಂಗ್ ಸೋರಿದರೆ ಎಂಜಿನ್ ಆಯಿಲ್ ಅದೇ ಬಾವಿಗೆ ಇಳಿದು ಕಾಯಿಲ್ಲಿನ ರಬ್ಬರ್ ಬೂಟನ್ನು ಮೆತ್ತಗೆ ಮಾಡುತ್ತದೆ. ಮೊದಲು ಒಂದೇ ಇದ್ದ ಕಾಯಿಲ್ ಈಗ ನಾಲ್ಕೋ ಆರೋ ಎಂಟೋ ಆಗಿರುವುದರಿಂದ, ಯಾವುದಾದರೂ ಒಂದು ಕೆಡುವ ಸಾಧ್ಯತೆಯೂ ಹೆಚ್ಚಿತು.

ಜಾಗದ ಗಣಿತ

1959ರಲ್ಲಿ ಅಲೆಕ್ ಇಸಿಗೊನಿಸ್ ರೂಪಿಸಿದ ಮಿನಿ ಕಾರು ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ ಮುಂದಿನ ಚಕ್ರಗಳನ್ನೇ ಓಡಿಸಿತು. ಚಿಕ್ಕ ಮೂತಿ, ಒಳಗೆ ಹೆಚ್ಚು ಜಾಗ. ಆ ಕಾರಿನ ಡಿಸ್ಟ್ರಿಬ್ಯೂಟರ್ ಗ್ರಿಲ್ಲಿನ ಹಿಂದೆ ಮುಂಭಾಗದಲ್ಲೇ ಇತ್ತು. ಸುಲಭವಾಗಿ ಕೈಗೆ ಸಿಗುತ್ತಿತ್ತು, ಮಳೆ ನೀರಿಗೂ ಅಷ್ಟೇ ಸುಲಭವಾಗಿ ಸಿಗುತ್ತಿತ್ತು. ನೀರು ತಗಲಿ ಎಂಜಿನ್ ನಿಲ್ಲುವುದು ಆ ಕಾರಿನ ಹೆಸರುವಾಸಿ ದೋಷ. ಕೈಗೆ ಸಿಗುವಂತಿಡುವುದೊಂದೇ ಒಳ್ಳೆಯ ವಿನ್ಯಾಸದ ಲಕ್ಷಣವಲ್ಲ ಎಂಬುದಕ್ಕೆ ಇದು ಸಾಕ್ಷಿ. ಮರೆಯಲ್ಲಿಡುವುದಕ್ಕೂ ಕಾರಣಗಳಿರುತ್ತವೆ.

ನಾಲ್ಕು ಸಿಲಿಂಡರಿನ ಎಂಜಿನ್ ಅಡ್ಡಲಾದರೆ ತೊಂದರೆ ಕಡಿಮೆ. ವಿ6 ಅಡ್ಡಲಾದರೆ ಒಂದು ಸಾಲು ರೇಡಿಯೇಟರ್ ಕಡೆಗೂ ಇನ್ನೊಂದು ಫೈರ್‌ವಾಲ್ ಕಡೆಗೂ ಹೋಗುತ್ತದೆ. ಕಡಿಮೆ ವೇಗದಲ್ಲೂ ಒಳ್ಳೆಯ ಎಳೆತ ಬೇಕೆಂದರೆ ಗಾಳಿಯ ನಾಳಗಳು ಉದ್ದವಾಗಿರಬೇಕು. ಬಾನೆಟ್ ತಗ್ಗಾಗಿರಬೇಕಾದ್ದರಿಂದ ಆ ನಾಳಗಳು ಮೇಲಕ್ಕೆ ಹೋಗಲಾರವು. ಹಿಂದಕ್ಕೆ ಬಾಗಿ ಹಿಂದಿನ ಸಾಲಿನ ಮೇಲೆ ಮಲಗುತ್ತವೆ. ಟೊಯೋಟಾದ 2ಜಿಆರ್-ಎಫ್‌ಇ, ನಿಸ್ಸಾನಿನ ವಿಕ್ಯೂ35, ಫೋರ್ಡ್ ಎಸ್ಕೇಪಿನ 3 ಲೀಟರ್ ಡ್ಯುರಾಟೆಕ್, ಇವೆಲ್ಲ ಅಡ್ಡ ಕೂತಾಗ ಎದುರಾಗುವ ಪಾಡು ಒಂದೇ.

ಹೀಗೇ ಆಗಬೇಕಿತ್ತೇ? ಹೋಂಡಾದ ಜೆ35 ಎಂಜಿನ್ನೂ ಅಡ್ಡಲಾಗಿ ಕೂರುವ ವಿ6. ಅದರ ಹಿಂದಿನ ಸಾಲಿನ ಕಾಯಿಲ್‌ಗಳನ್ನು ಮ್ಯಾನಿಫೋಲ್ಡ್ ಮುಟ್ಟದೆಯೇ ತೆಗೆಯಬಹುದು. ಸೊಂಟ ಬಗ್ಗಿಸಿ ಕೈ ಚಾಚಬೇಕು, ಅಷ್ಟೆ. ಆದ್ದರಿಂದ ಜಾಗದ ಗಣಿತ ಎಲ್ಲವನ್ನೂ ವಿವರಿಸುವುದಿಲ್ಲ. ವಿನ್ಯಾಸಕರ ಮನಸ್ಸಿನಲ್ಲಿ ಇನ್ನೊಂದು ಲೆಕ್ಕವೂ ಇದ್ದಂತಿದೆ. ಇರಿಡಿಯಂ ಪ್ಲಗ್ಗುಗಳಿಗೆ ಟೊಯೋಟಾ ಅಮೆರಿಕದಲ್ಲಿ ಹೇಳುವ ಆಯುಸ್ಸು 1,20,000 ಮೈಲಿ, ಅಂದರೆ ಸುಮಾರು 1,93,000 ಕಿಲೋಮೀಟರ್. ಅಷ್ಟು ದೂರಕ್ಕೊಮ್ಮೆ ಬಿಚ್ಚಬೇಕಾದ ಜಾಗ ಕಷ್ಟದ್ದಾದರೂ ಪರವಾಗಿಲ್ಲ ಎಂಬ ಎಣಿಕೆ ಅದರಲ್ಲಿ ಅಡಗಿದೆ. ಆ ಎಣಿಕೆ ನಿಲ್ಲುವುದು ಕಾಯಿಲ್ ಕೂಡ ಪ್ಲಗ್ಗಿನಷ್ಟೇ ಬಾಳಿದಾಗ ಮಾತ್ರ. ಪ್ಲಗ್ಗಿಗೆ ಸರ್ವಿಸ್ ಪಟ್ಟಿಯಲ್ಲಿ ಕಿಲೋಮೀಟರ್ ಬರೆದಿರುತ್ತದೆ. ಕಾಯಿಲ್ಲಿಗೆ ಸಾಮಾನ್ಯವಾಗಿ ಏನೂ ಬರೆದಿರುವುದಿಲ್ಲ.

ನಮ್ಮ ರಸ್ತೆಯ ಎಂಟು ಕಾಯಿಲ್‌ಗಳು

ಭಾರತದಲ್ಲಿ ಅಡ್ಡ ವಿ6 ಅಪರೂಪ. ಮಾರುತಿಯ ಕೆ-ಸರಣಿಯಂಥ ಎಂಜಿನ್ನುಗಳಲ್ಲಿ ಕಾಯಿಲ್‌ಗಳು ಮೇಲೆಯೇ ಕೂತಿರುವುದರಿಂದ ಇಲ್ಲಿನ ಹೆಚ್ಚಿನ ಕಾರು ಮಾಲೀಕರಿಗೆ ಈ ಕಷ್ಟ ತಟ್ಟಿಲ್ಲ. ದೊಡ್ಡ ಅಪವಾದವೆಂದರೆ 2003ರಿಂದ 2008ರ ವರೆಗೆ ಇಲ್ಲಿ ಮಾರಾಟವಾದ ಹೋಂಡಾ ಸಿಟಿಯ 1.5 ಐ-ಡಿಎಸ್‌ಐ ಎಂಜಿನ್. ಅದಕ್ಕೆ ಸಿಲಿಂಡರಿಗೆ ಎರಡರಂತೆ ಎಂಟು ಪ್ಲಗ್ಗು, ಎಂಟು ಕಾಯಿಲ್ಲು. ಒಂದು ಪ್ಲಗ್ ಗಾಳಿ ಬರುವ ವಾಲ್ವಿನ ಕಡೆ, ಇನ್ನೊಂದು ಹೊಗೆ ಹೋಗುವ ವಾಲ್ವಿನ ಕಡೆ. ವೇಗಕ್ಕೆ ತಕ್ಕಂತೆ ಎರಡರ ಕಿಡಿಗಳ ನಡುವೆ ಚೂರು ಅಂತರವಿಟ್ಟು ಪೆಟ್ರೋಲನ್ನು ಪೂರ್ತಿ ಉರಿಸುವ ಜಾಣ ಏರ್ಪಾಟು. ಆ ಕಾರಿಗೆ ಮೈಲೇಜಿನ ಹೆಸರು ಬಂದದ್ದರಲ್ಲಿ ಇದರ ಪಾಲಿದೆ.

ಮುಂದಿನ ನಾಲ್ಕು ಕಾಯಿಲ್ ಸುಲಭ. ಹಿಂದಿನ ನಾಲ್ಕು ಕೌಲಿನ ಅಡಿಗೆ ಸರಿದಿವೆ. ವೈಪರ್ ಮತ್ತು ಕೌಲ್ ಬಿಚ್ಚಿ ಕೆಲಸ ಮಾಡುವವರು ಕೆಲವರು, ಬಿಚ್ಚದೆ ಸಂದಿಯಲ್ಲೇ ಮುಗಿಸುವವರು ಕೆಲವರು. ಪ್ಲಗ್ ಬದಲಿಸಲು ಬಂದ ಗಾಡಿಗೆ ಮುಂದಿನ ನಾಲ್ಕನ್ನು ಮಾತ್ರ ಹಾಕಿ ಕಳಿಸಿದ್ದೂ ಉಂಟು. ಈ ಎಂಜಿನ್ನಿನಲ್ಲಿ ಇನ್ನೊಂದು ತೊಡಕಿದೆ. ಒಂದೇ ಸಿಲಿಂಡರಿನಲ್ಲಿ ಎರಡು ಕಿಡಿ ಇರುವುದರಿಂದ ಹಿಂದಿನದು ಸತ್ತರೂ ಮುಂದಿನದು ಹೇಗೋ ಕೆಲಸ ಸಾಗಿಸುತ್ತದೆ. ಎಂಜಿನ್ ಪೂರ್ತಿ ಮಿಸ್ಸಿಂಗ್ ಹೊಡೆಯುವುದಿಲ್ಲ. ಪಿಕಪ್ ಕುಗ್ಗುತ್ತದೆ, ಐಡ್ಲಿಂಗಿನಲ್ಲಿ ಸಣ್ಣ ನಡುಕ ಬರುತ್ತದೆ, ಮೈಲೇಜ್ ಇಳಿಯುತ್ತದೆ. ಮಾಲೀಕರು ಅದಕ್ಕೆ ಪೆಟ್ರೋಲನ್ನೋ ವಯಸ್ಸನ್ನೋ ದೂರಿ ತಿಂಗಳುಗಟ್ಟಲೆ ಹಾಗೇ ಓಡಿಸುತ್ತಾರೆ. ಕೈಗೆ ಸಿಗದ ಭಾಗವನ್ನು ರಿಪೇರಿ ಮಾಡುವುದಕ್ಕಿಂತ ಮೊದಲು ಅದು ಕೆಟ್ಟಿದೆಯೆಂದು ತಿಳಿಯುವುದೇ ಕಷ್ಟ.

ತಪ್ಪಿತಸ್ಥ ಯಾರು?

ಕಾಯಿಲ್ ಕೆಟ್ಟಿದೆಯೇ ಎಂದು ನೋಡುವ ಹಳೆಯ, ನಂಬಿಕಸ್ಥ ವಿಧಾನ ಅದಲುಬದಲು. ಸ್ಕ್ಯಾನರ್ ಪಿ0303 ಎಂದು ತೋರಿಸಿದರೆ ಮೂರನೇ ಸಿಲಿಂಡರಿನಲ್ಲಿ ಮಿಸ್‌ಫೈರ್ ಎಂದರ್ಥ. ಅಲ್ಲಿಯ ಕಾಯಿಲ್ಲನ್ನು ನಾಲ್ಕಕ್ಕೆ ಹಾಕಿ ಓಡಿಸಿದಾಗ ಕೋಡ್ ಪಿ0304ಕ್ಕೆ ಬದಲಾದರೆ ಕಾಯಿಲ್ಲೇ ಕೆಟ್ಟಿದೆ. ಮೂರರಲ್ಲೇ ಉಳಿದರೆ ಪ್ಲಗ್ಗು, ಇಂಜೆಕ್ಟರು, ಕಂಪ್ರೆಷನ್ನುಗಳ ಕಡೆ ನೋಡಬೇಕು. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಖರ್ಚಿಲ್ಲದೆ ಹತ್ತು ನಿಮಿಷದಲ್ಲಿ ಆಗುವ ಪರೀಕ್ಷೆ. 2ಜಿಆರ್ ಎಂಜಿನ್ನಿನಲ್ಲಿ ಫೈರ್‌ವಾಲ್ ಕಡೆ ಇರುವುದು 1, 3, 5ನೇ ಸಿಲಿಂಡರ್‌ಗಳು. ಮೂರನೆಯದನ್ನು ಅದಲುಬದಲು ಮಾಡಲು ಮ್ಯಾನಿಫೋಲ್ಡ್ ಬಿಚ್ಚಬೇಕು, ಜೋಡಿಸಬೇಕು, ಓಡಿಸಬೇಕು, ಕೋಡ್ ಮೂರರಲ್ಲೇ ಉಳಿದರೆ ಮತ್ತೆ ಬಿಚ್ಚಬೇಕು. ಪರೀಕ್ಷೆಯ ಖರ್ಚೇ ರಿಪೇರಿಯಷ್ಟಾಯಿತು. ಇಡೀ ವಾದದ ಗಂಟು ಇರುವುದು ಇಲ್ಲಿ. ಎಲ್ಲವನ್ನೂ ಬದಲಿಸಿಬಿಡಿ ಎನ್ನುವವರಲ್ಲಿ ಬಹಳ ಮಂದಿ ಹಾಗೆನ್ನುವುದು ಯಾವುದು ಕೆಟ್ಟಿದೆಯೆಂದು ಖಚಿತವಾಗಿ ಹೇಳುವ ದಾರಿ ಇಲ್ಲವೆಂಬ ಕಾರಣಕ್ಕೆ.

ಮಲ್ಟಿಮೀಟರ್ ಹಿಡಿದು ಓಮ್ ಅಳೆಯುವುದು ಡಬ್ಬಿ ಕಾಯಿಲ್ ಕಾಲದ ಅಭ್ಯಾಸ. ನಾಲ್ಕು ಪಿನ್ನಿನ ಈಗಿನ ಕಾಯಿಲ್‌ಗಳೊಳಗೆ ಇಗ್ನೈಟರ್ ಸರ್ಕ್ಯೂಟೂ ಸೇರಿರುವುದರಿಂದ ಆ ಅಳತೆಗೆ ಅರ್ಥವಿಲ್ಲ. ಟೊಯೋಟಾ ಕಾಯಿಲ್ಲುಗಳು ಪ್ರೈಮರಿಯಲ್ಲಿ ಕರೆಂಟ್ ಹರಿಯಿತೆಂದು ಕಂಪ್ಯೂಟರಿಗೆ ಐಜಿಎಫ್ ಎಂಬ ಸಿಗ್ನಲ್ ಕಳಿಸುತ್ತವೆ. ಅದು ಬಾರದಿದ್ದರೆ ಪಿ0351ರ ಸಾಲಿನ ಕೋಡ್ ಏಳುತ್ತದೆ. ಆಗ ಸಂಶಯ ನೇರವಾಗಿ ಆ ಕಾಯಿಲ್ ಮತ್ತದರ ವೈರಿಂಗಿನ ಮೇಲೆ. ಆದರೆ ಒಳಗಿನ ಇನ್ಸುಲೇಷನ್ ಬಿರುಕು ಬಿಟ್ಟು ಕಿಡಿ ಪ್ಲಗ್ಗಿನ ತುದಿಗೆ ಹೋಗುವ ಬದಲು ಬಾವಿಯ ಗೋಡೆಗೆ ಜಿಗಿಯುತ್ತಿದ್ದರೆ? ಪ್ರೈಮರಿ ಸರಿಯಿದೆ, ಐಜಿಎಫ್ ಸರಿಯಿದೆ, ಕಿಡಿ ಮಾತ್ರ ದಾರಿ ತಪ್ಪಿದೆ. ಬರುವುದು ಬರೀ ಮಿಸ್‌ಫೈರ್ ಕೋಡು.

ಇಂಥ ದುರ್ಬಲ ಕಾಯಿಲ್ ತನ್ನನ್ನು ತೋರಿಸಿಕೊಳ್ಳುವುದು ಎಂಜಿನ್ ಮೇಲೆ ಭಾರ ಬಿದ್ದಾಗ. ಸಿಲಿಂಡರಿನ ಒತ್ತಡ ಏರಿದಷ್ಟೂ ಕಿಡಿಗೆ ಹೆಚ್ಚು ವೋಲ್ಟ್ ಬೇಕು. ಗ್ಯಾರೇಜಿನಲ್ಲಿ ನಿಂತಲ್ಲೇ ಎಂಜಿನ್ ನುಣ್ಣಗಿರುತ್ತದೆ, ಚಾರ್ಮಾಡಿ ಘಾಟಿಯ ಏರಿನಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಜಗ್ಗಾಡುತ್ತದೆ. ಆಗ ಚೆಕ್ ಎಂಜಿನ್ ದೀಪ ಮಿಣುಕಿದರೆ ಅದನ್ನು ಅಸಡ್ಡೆ ಮಾಡಬಾರದು. ಉರಿಯದ ಪೆಟ್ರೋಲು ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿದು ಅದನ್ನು ಸುಡುತ್ತದೆ, ಅದರ ಬೆಲೆ ಕಾಯಿಲ್ಲಿನ ಹಲವು ಪಟ್ಟು. ಹಿಂದಿನ ಸಾಲನ್ನು ಬಿಚ್ಚಲು ಮನಸ್ಸಾಗದೆ ಮುಂದೂಡುವವರು ತೆರುವ ನಿಜವಾದ ದಂಡ ಇದು.

ಬಿಚ್ಚದೆ ಪತ್ತೆ ಹಚ್ಚುವ ದಾರಿಯೂ ಇದೆ. ಕಾಯಿಲ್‌ಗಳಿಗೆ ಕರೆಂಟ್ ಕೊಡುವ ವೈರಿಗೆ ಆಂಪ್ ಕ್ಲ್ಯಾಂಪ್ ಹಾಕಿ ಆಸಿಲೋಸ್ಕೋಪಿನಲ್ಲಿ ನೋಡಿದರೆ ಪ್ರತಿ ಕಾಯಿಲ್ ತುಂಬಿಕೊಳ್ಳುವ ರೇಖೆ ಸರದಿಯಂತೆ ಮೂಡುತ್ತದೆ. ಆರರಲ್ಲಿ ಒಂದು ಮಾತ್ರ ಓರೆಯಾಗಿದ್ದರೆ ಅದು ಗೊತ್ತಾಗಿಬಿಡುತ್ತದೆ. ಪ್ರೈಮರಿಯ ದೋಷ ಹೀಗೆ ಸಿಗುತ್ತದೆ. ಸೆಕೆಂಡರಿಯ ಸಣ್ಣ ಸೋರಿಕೆ ಎಲ್ಲ ಸಲವೂ ಸಿಗದು. ನಮ್ಮ ಸಣ್ಣ ಗ್ಯಾರೇಜುಗಳಲ್ಲಿ ಸ್ಕ್ಯಾನರ್ ಬಂದಿದೆ, ಸ್ಕೋಪ್ ಇನ್ನೂ ವಿರಳ. ಈ ಒಂದು ಉಪಕರಣ ಮತ್ತು ಅದನ್ನು ಓದುವ ತರಬೇತಿ ಬಂದರೆ ಎಷ್ಟೋ ಮ್ಯಾನಿಫೋಲ್ಡುಗಳನ್ನು ಸುಮ್ಮನೆ ಬಿಚ್ಚುವುದು ತಪ್ಪುತ್ತದೆ.

‘ಕೆಟ್ಟಿದ್ದನ್ನು ಮಾತ್ರ’ ಎನ್ನುವವರು

ಮೊದಲ ಪಂಥದ ಮಾತು ನೇರ: ಸರಿಯಿರುವುದನ್ನು ಮುಟ್ಟಬೇಡಿ. ಎರಡು ಲಕ್ಷ ಕಿಲೋಮೀಟರ್ ಓಡಿದರೂ ಸರಿಯಿರುವ ಕಾಯಿಲ್ ತನ್ನ ಗಟ್ಟಿತನವನ್ನು ತೋರಿಸಿಯಾಗಿದೆ. ಡಬ್ಬದಿಂದ ಈಗ ತೆಗೆದ ಹೊಸದು ಏನನ್ನೂ ತೋರಿಸಿಲ್ಲ.

ಇದರ ಹಿಂದೆ ಗಟ್ಟಿ ಇತಿಹಾಸವಿದೆ, ಆದರೆ ಅದು ಕಾರಿನದಲ್ಲ, ವಿಮಾನದ್ದು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಕೋಸ್ಟಲ್ ಕಮಾಂಡಿನಲ್ಲಿ ಕೆಲಸ ಮಾಡಿದ ಜೀವವಿಜ್ಞಾನಿ ಸಿ. ಎಚ್. ವಾಡಿಂಗ್ಟನ್ ಮತ್ತು ಸಂಗಡಿಗರು ಲಿಬರೇಟರ್ ಬಾಂಬರ್‌ಗಳ ದಾಖಲೆ ಕೂಡಿಹಾಕಿದರು. 50 ಗಂಟೆ ಹಾರಾಟಕ್ಕೊಮ್ಮೆ ತಪಾಸಣೆ ನಡೆಯುತ್ತಿತ್ತು. ತಪಾಸಣೆಯಾದ ಕೂಡಲೇ ಕೆಡುಕುಗಳು ಏರಿ, ಹಾರಾಟದ ಗಂಟೆ ಹೆಚ್ಚಿದಂತೆ ಇಳಿಯುತ್ತಿದ್ದವು. ಬಿಚ್ಚಿ ಜೋಡಿಸುವ ಕೆಲಸವೇ ಕೆಡುಕು ತರುತ್ತಿತ್ತು. 1978ರಲ್ಲಿ ಯುನೈಟೆಡ್ ಏರ್‌ಲೈನ್ಸಿನ ನೌಲನ್ ಮತ್ತು ಹೀಪ್ ಅಮೆರಿಕದ ರಕ್ಷಣಾ ಇಲಾಖೆಗೆ ಬರೆದ ವರದಿ ಇದನ್ನು ಇನ್ನಷ್ಟು ವಿಸ್ತರಿಸಿತು. ಅವರು ನೋಡಿದ ವಿಮಾನ ಭಾಗಗಳಲ್ಲಿ ಶೇ 89ರಷ್ಟಕ್ಕೆ ವಯಸ್ಸಿನ ಮಿತಿ ಹಾಕಿ ಬದಲಿಸುವುದರಿಂದ ಪ್ರಯೋಜನ ಇರಲಿಲ್ಲ. ಶೇ 68ರಷ್ಟು ಭಾಗಗಳಲ್ಲಿ ಕೆಡುವ ಅಪಾಯ ಹೆಚ್ಚಿದ್ದದ್ದು ಹೊಸದರಲ್ಲಿ. ಆ ಹಂತ ದಾಟಿದ ಮೇಲೆ ಸ್ಥಿರವಾಗಿ ನಿಲ್ಲುತ್ತಿತ್ತು.

ವಿಮಾನದ ಭಾಗಕ್ಕೆ ಸಂದದ್ದು ಕಾಯಿಲ್ಲಿಗೂ ಸಲ್ಲುತ್ತದೆಯೆಂದು ಹಾಗೇ ಹೇಳಲಾಗದು. ಆದರೆ ಮೂಲ ಎಚ್ಚರಿಕೆ ಸಲ್ಲುತ್ತದೆ. ಹತ್ತು ವರ್ಷ ಬಿಸಿಯಲ್ಲಿ ಬೆಂದ ಕನೆಕ್ಟರಿನ ಲಾಕು ಮುಟ್ಟಿದರೆ ಮುರಿಯುತ್ತದೆ. ವ್ಯಾಕ್ಯೂಮ್ ಹೋಸ್ ಬಿರುಕು ಬಿಡುತ್ತದೆ. ಒಂದು ಕಾಯಿಲ್ ಬದಲಿಸಲು ಹೋಗಿ ಮೂರು ಹೊಸ ದೋಷ ತಂದುಕೊಂಡವರಿದ್ದಾರೆ.

ಈ ಪಂಥ ವಿವರಿಸಲಾರದ್ದು ಹಿಂದಿನ ಸಾಲನ್ನು. ಮುಂದಿನ ಸಾಲಿನ ಕಾಯಿಲ್ಲಿಗೆ ‘ಕೆಟ್ಟಾಗ ನೋಡೋಣ’ ಎನ್ನುವುದು ಸರಿ. ಅಲ್ಲಿ ಬಿಚ್ಚುವುದಕ್ಕೆ ಬೆಲೆಯೇ ಇಲ್ಲ. ಹಿಂದಿನ ಸಾಲಿನಲ್ಲಿ ಒಂದನ್ನು ಬದಲಿಸಿ, ಆರು ತಿಂಗಳಿಗೆ ಪಕ್ಕದ್ದು ಕೆಟ್ಟರೆ, ಈ ಪಂಥ ಯಾವುದನ್ನು ಅಪಾಯವೆಂದು ಎಚ್ಚರಿಸುತ್ತದೆಯೋ ಅದನ್ನೇ, ಅಂದರೆ ಬಿಚ್ಚಿ ಜೋಡಿಸುವುದನ್ನೇ, ಎರಡು ಸಲ ಮಾಡಿಸಿದಂತಾಯಿತು.

‘ಬಿಚ್ಚಿದ ಮೇಲೆ ಎಲ್ಲವೂ’ ಎನ್ನುವವರು

ಎರಡನೇ ಪಂಥದ ಬಲವಾದ ಸಾಕ್ಷಿ ಫೋಕ್ಸ್‌ವ್ಯಾಗನ್, ಆಡಿ ಕಾರುಗಳ ಪ್ರಕರಣ. 2000ದ ದಶಕದ ಆರಂಭದಲ್ಲಿ ಅವುಗಳ ಕಾಯಿಲ್‌ಗಳು ಒಂದರ ಹಿಂದೊಂದು ಕೆಡತೊಡಗಿದವು. 2003ರಲ್ಲಿ ಕಂಪನಿ ಅಮೆರಿಕದಲ್ಲಿ ಇನ್ನೂ ಕೆಡದ ಕಾಯಿಲ್‌ಗಳನ್ನೂ ಉಚಿತವಾಗಿ ಬದಲಿಸಲು ಒಪ್ಪಬೇಕಾಯಿತು. ದೋಷ ತಯಾರಿಕೆಯಲ್ಲೇ ಇದ್ದಾಗ ಒಂದು ಕೆಟ್ಟಿತೆಂದರೆ ಉಳಿದವೂ ಅದೇ ದಾರಿ ಹಿಡಿದಿವೆ ಎಂದರ್ಥ.

ತಯಾರಿಕೆಯಲ್ಲಿ ದೋಷ ಇಲ್ಲದಿದ್ದರೂ ಈ ವಾದಕ್ಕೆ ಆಧಾರವಿದೆ. ಆರೂ ಕಾಯಿಲ್‌ಗಳು ಒಂದೇ ದಿನ ಹುಟ್ಟಿ ಒಂದೇ ದೂರ ಓಡಿವೆ. ಮುಖ್ಯವಾಗಿ, ಒಂದೇ ಥರ ಸವೆದ ಪ್ಲಗ್ಗುಗಳ ಮೇಲೆ ದುಡಿದಿವೆ. ಪ್ಲಗ್ಗಿನ ಅಂತರ ಸವೆದು ಅಗಲವಾದಂತೆ ಕಾಯಿಲ್ ಹೆಚ್ಚು ವೋಲ್ಟ್ ಹುಟ್ಟಿಸಬೇಕಾಗುತ್ತದೆ, ಇನ್ಸುಲೇಷನ್ ಮೇಲಿನ ಹೊರೆ ಏರುತ್ತದೆ. ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲ್ ಗೀರಿನಂಥ ಕಪ್ಪು ಗೆರೆ ಕಂಡರೆ ಕಿಡಿ ಅಲ್ಲೇ ದಾರಿ ಮಾಡಿಕೊಂಡಿದೆ. ಅದರ ಜೋಡಿ ಗೆರೆ ಬೂಟಿನ ಒಳಗೂ ಇರುತ್ತದೆ. ಆಗ ಪ್ಲಗ್ಗನ್ನು ಮಾತ್ರ ಬದಲಿಸಿ ಬೂಟನ್ನು ಹಾಗೇ ಬಿಟ್ಟರೆ ಹೊಸ ಪ್ಲಗ್ಗೂ ಹಾಳು.

ಈ ಎರಡು ಪಂಥಗಳು ಉತ್ತರಿಸುತ್ತಿರುವ ಪ್ರಶ್ನೆಯೇ ಬೇರೆಬೇರೆ. ಮೊದಲನೆಯದು ಕಾಯಿಲ್ಲಿನ ಸಾವು ಆಕಸ್ಮಿಕವೆಂದು ನಂಬಿದೆ, ಎರಡನೆಯದು ಸಮಾನ ಕಾರಣದ್ದೆಂದು ನಂಬಿದೆ. ಅದರ ಜೊತೆಗೆ ಊರಿನ ಲೆಕ್ಕವೂ ಸೇರುತ್ತದೆ. ಅಮೆರಿಕದಲ್ಲಿ ಗ್ಯಾರೇಜಿನ ಕೂಲಿ ಗಂಟೆಗೆ ನೂರು ಡಾಲರ್ ದಾಟುವುದು ಮಾಮೂಲು. ಅರ್ಧ ದಿನದ ಕೂಲಿಯ ಮುಂದೆ ಇನ್ನೆರಡು ಕಾಯಿಲ್ಲಿನ ಬೆಲೆ ಸಣ್ಣದು. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂಲಿ ಕಡಿಮೆ, ಕಂಪನಿ ಕಾಯಿಲ್ಲಿನ ಬೆಲೆಯೇ ಭಾರ. ನ್ಯೂಜೆರ್ಸಿಯ ಮೆಕ್ಯಾನಿಕ್ ಎಲ್ಲವನ್ನೂ ಬದಲಿಸೆನ್ನುವುದಕ್ಕೂ ನಮ್ಮ ಮೇಸ್ತ್ರಿ ಒಂದೇ ಸಾಕೆನ್ನುವುದಕ್ಕೂ ತಂತ್ರಜ್ಞಾನಕ್ಕಿಂತ ಈ ಅನುಪಾತವೇ ದೊಡ್ಡ ಕಾರಣ. ಒಬ್ಬರ ಸಲಹೆಯನ್ನು ಇನ್ನೊಂದು ಊರಿಗೆ ಹೊತ್ತೊಯ್ದಾಗ ಅದು ತಪ್ಪು ಸಲಹೆಯಾಗಿಬಿಡಬಹುದು.

ಜಾಗ ಬದಲಿಸುವವರು

ಮೂರನೆಯ ದಾರಿಯ ಬಗ್ಗೆ ಹೆಚ್ಚು ಚರ್ಚೆ ಇಲ್ಲ, ನನಗೆ ಅದೇ ಸರಿಯೆನಿಸುತ್ತದೆ. ಹಿಂದಿನ ಸಾಲು ಬಿಚ್ಚಿದಾಗ ಅಲ್ಲಿಗೆ ಮೂರು ಹೊಸ, ಒಳ್ಳೆಯ ಕಂಪನಿಯ ಕಾಯಿಲ್ ಹಾಕುವುದು. ಅಲ್ಲಿಂದ ಹೊರಬಂದ ಎರಡು ಸರಿಯಿರುವ ಕಾಯಿಲ್‌ಗಳನ್ನು ಎಸೆಯದೆ ಡಿಕ್ಕಿಯಲ್ಲಿ ಇಟ್ಟುಕೊಳ್ಳುವುದು. ಮುಂದಿನ ಸಾಲಿನದು ಎಂದಾದರೂ ಕೆಟ್ಟರೆ ರಸ್ತೆ ಬದಿಯಲ್ಲೇ ನಿಮಿಷಗಳಲ್ಲಿ ಬದಲಿಸಬಹುದು. ಮೂರು ಹೊಸದಕ್ಕೆ ಹಣವಿಲ್ಲದವರು ಒಂದೇ ಹೊಸದು ತಂದು, ಬೂಟಿನಲ್ಲಿ ಬಿರುಕಿಲ್ಲದ, ಮೈಮೇಲೆ ಸುಟ್ಟ ಕಲೆಯಿಲ್ಲದ ಮೂರನ್ನು ಆರಿಸಿ ಹಿಂದಕ್ಕೆ ಹಾಕಿ, ಸಂಶಯದವನ್ನು ಮುಂದಕ್ಕೆ ತಂದರೂ ನಡೆಯುತ್ತದೆ. ಕಾಯಿಲ್ಲಿನ ವಯಸ್ಸಿಗಿಂತ ಅದು ಕೂತಿರುವ ಜಾಗವೇ ಇಲ್ಲಿ ತೀರ್ಮಾನ ಮಾಡುತ್ತದೆ. ಹಿಂದಿನ ಸಾಲು ಬಿಚ್ಚಿದ ಮೇಲೆ ಪ್ಲಗ್ಗುಗಳನ್ನೂ ಮ್ಯಾನಿಫೋಲ್ಡಿನ ಪ್ಯಾಕಿಂಗುಗಳನ್ನೂ ಬದಲಿಸದೆ ಮುಚ್ಚುವುದು ಯಾವ ಪಂಥದ ಲೆಕ್ಕದಲ್ಲೂ ಸರಿಹೋಗದು. ವಾಲ್ವ್ ಕವರ್ ಸೋರುತ್ತಿದ್ದರೆ ಅದನ್ನೂ ಆಗಲೇ ಮಾಡಿಸಬೇಕು. ಆಯಿಲ್ ತುಂಬಿದ ಬಾವಿಗೆ ಹೊಸ ಕಾಯಿಲ್ ಇಳಿಸಿದರೆ ಹಣ ನೀರಿಗೆ ಹಾಕಿದಂತೆ.

ಕೈ ತೂರಿಸುವವರು, ಬಿಚ್ಚುವವರು

ಮ್ಯಾನಿಫೋಲ್ಡ್ ಮುಟ್ಟದೆ ಕನ್ನಡಿ, ಬಾಗುವ ಜಾಯಿಂಟು, ಬಗೆಬಗೆಯ ಎಕ್ಸ್‌ಟೆನ್ಷನ್ ಸೇರಿಸಿ, ಬೆರಳ ತುದಿಯ ಸ್ಪರ್ಶದಲ್ಲೇ ಹಿಂದಿನ ಕಾಯಿಲ್ ತೆಗೆಯುವ ಮೆಕ್ಯಾನಿಕ್ಕುಗಳಿದ್ದಾರೆ. ತೆಳು ಕೈಯ ಹುಡುಗರನ್ನು ಈ ಕೆಲಸಕ್ಕೆ ಕರೆಯುವುದೂ ಉಂಟು. ಅವರ ಕೌಶಲಕ್ಕೆ ನನ್ನ ಪೂರ್ಣ ಗೌರವವಿದೆ. ಕಾಯಿಲ್ ಮಾತ್ರ ಬದಲಿಸುವುದಾದರೆ ಮತ್ತು ಪ್ಯಾಕಿಂಗ್ ಹೊಸದಿದ್ದರೆ ಈ ದಾರಿಗೆ ಅರ್ಥವಿದೆ.

ಪ್ಲಗ್ಗಿನ ಮಾತು ಬೇರೆ. ಅಲ್ಯೂಮಿನಿಯಂ ಹೆಡ್ಡಿನಲ್ಲಿ ಪ್ಲಗ್ಗನ್ನು ಕಣ್ಣಿಗೆ ಕಾಣದೆ ಓರೆಯಾಗಿ ತಿರುಗಿಸಿದರೆ ಥ್ರೆಡ್ ಹೋಗುತ್ತದೆ. ಅದನ್ನು ಸರಿಪಡಿಸಲು ಹೆಡ್ಡೇ ಇಳಿಸಬೇಕಾಗಬಹುದು. ಎಂಜಿನ್ ತಣ್ಣಗಿದ್ದಾಗ, ತುದಿಗೆ ರಬ್ಬರ್ ಹೋಸಿನ ತುಂಡು ಸಿಕ್ಕಿಸಿ ಮೊದಲ ಸುತ್ತುಗಳನ್ನು ಕೈಯಲ್ಲೇ ಹಿಡಿಸಿ, ಆಮೇಲೆ ಟಾರ್ಕ್ ರೆಂಚ್ ಹಾಕುವುದು ಹಳಬರ ಕ್ರಮ. ಕಾಯಿಲ್ಲಿನ ಬೋಲ್ಟಿಗೆ ಬೇಕಾಗಿರುವುದು ಸುಮಾರು 10 ನ್ಯೂಟನ್ ಮೀಟರ್ ಬಿಗಿ ಮಾತ್ರ. ಹೆಚ್ಚು ಬಿಗಿದರೆ ವಾಲ್ವ್ ಕವರಿನ ಥ್ರೆಡ್ ಕಿತ್ತುಬರುತ್ತದೆ. ಬಿಚ್ಚುವವರ ಮುಂದಿರುವ ಅಪಾಯ ಬೇರೆ: ಮ್ಯಾನಿಫೋಲ್ಡ್ ಎತ್ತಿದಾಗ ತೆರೆದುಕೊಂಡ ಗಾಳಿ ದಾರಿಗಳಿಗೆ ತಕ್ಷಣ ಶುದ್ಧ ಬಟ್ಟೆ ತುರುಕದಿದ್ದರೆ, ಒಂದು ನಟ್ಟು ಒಳಗೆ ಬಿದ್ದರೂ ಎಂಜಿನ್ ಹೋಯಿತು.

ಯಾವ ಕಾಯಿಲ್?

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿದರೆ ಒಂದೇ ಕಾರಿಗೆ ಹಲವು ದರದ ಕಾಯಿಲ್ ಸಿಗುತ್ತವೆ. ಕಾರು ಕಂಪನಿಯ ಡಬ್ಬದ್ದು, ಆ ಕಂಪನಿಗೇ ಮಾಲು ಕೊಡುವ ಡೆನ್ಸೊ, ಬಾಷ್, ಎನ್‌ಜಿಕೆಯಂಥವರು ತಮ್ಮ ಹೆಸರಿನಲ್ಲೇ ಮಾರುವುದು, ಹೆಸರಿಲ್ಲದ್ದು, ಗುಜರಿಯ ಗಾಡಿಯಿಂದ ಬಿಚ್ಚಿದ್ದು, ಜೊತೆಗೆ ಒಳ್ಳೆಯ ಹೆಸರನ್ನು ಅಚ್ಚು ಹಾಕಿಕೊಂಡ ಡುಪ್ಲಿಕೇಟ್. ನೋಟದಿಂದ ಕೊನೆಯದನ್ನು ಗುರುತಿಸುವುದು ಕಷ್ಟ. ಮುಂದಿನ ಸಾಲಿಗೆ ಕಡಿಮೆ ಬೆಲೆಯದನ್ನು ಹಾಕಿ ನೋಡುವ ಧೈರ್ಯ ಮಾಡಬಹುದು; ಹಿಂದಿನ ಸಾಲಿಗೆ ಬೇಡ. ಮೂರು ತಿಂಗಳಲ್ಲಿ ಸತ್ತ ಅಗ್ಗದ ಕಾಯಿಲ್ಲಿಗೆ ಅಂಗಡಿಯವರು ಇನ್ನೊಂದು ಕೊಟ್ಟಾರು, ಎರಡನೇ ಸಲದ ಮ್ಯಾನಿಫೋಲ್ಡ್ ಕೂಲಿ ಕೊಡಲಾರರು.

ಇತ್ಯರ್ಥವಾಗದೆ ಉಳಿದವು

ಒಂದು ಕಾಯಿಲ್ ಕೆಟ್ಟರೆ ಪಕ್ಕದ್ದು ಇಂತಿಷ್ಟು ದೂರದೊಳಗೆ ಕೆಡುವ ಸಾಧ್ಯತೆ ಎಷ್ಟು? ಈ ಒಂದು ಅಂಕಿ ಸಿಕ್ಕರೆ ವಾದ ಬಹುಮಟ್ಟಿಗೆ ಮುಗಿಯುತ್ತದೆ. ಅದನ್ನು ಲೆಕ್ಕ ಹಾಕಲು ಬೇಕಾದ ವಾರಂಟಿ ದಾಖಲೆಗಳು ಕಾರು ಕಂಪನಿಗಳ ಒಳಗಿವೆ. ಗ್ಯಾರೇಜಿನವರ ಅನುಭವವನ್ನು ಅದರ ಬದಲಿಗೆ ಇಡಲಾಗದು. ಮತ್ತೆ ಕೆಟ್ಟು ಬಂದ ಗಾಡಿ ಅವರಿಗೆ ನೆನಪಿರುತ್ತದೆ, ಸುಖವಾಗಿ ಓಡಿಹೋದದ್ದು ಲೆಕ್ಕಕ್ಕೆ ಬರುವುದಿಲ್ಲ.

ಸವೆದ ಪ್ಲಗ್ ಕಾಯಿಲ್ಲನ್ನು ಕೊಲ್ಲುತ್ತದೆಯೆಂದು ಎಲ್ಲರೂ ಒಪ್ಪುತ್ತಾರೆ. ಹಾಗಾದರೆ ಕಂಪನಿ ಹೇಳಿದ ಅವಧಿಗಿಂತ ಮೊದಲೇ ಪ್ಲಗ್ ಬದಲಿಸಿದರೆ ಕಾಯಿಲ್ಲಿನ ಆಯುಸ್ಸು ಅದಕ್ಕೆ ತಕ್ಕಷ್ಟು ಹೆಚ್ಚುತ್ತದೆಯೇ, ಅಥವಾ ಆ ಹೆಚ್ಚುವರಿ ಬಿಚ್ಚುವಿಕೆಯೇ ಲಾಭವನ್ನು ತಿಂದುಹಾಕುತ್ತದೆಯೇ ಎಂಬುದರಲ್ಲಿ ಒಮ್ಮತವಿಲ್ಲ. ಟರ್ಬೊ ಎಂಜಿನ್ನುಗಳಲ್ಲಿ ಸಿಲಿಂಡರ್ ಒತ್ತಡ ಹೆಚ್ಚು, ಕಿಡಿಗೆ ಬೇಕಾದ ವೋಲ್ಟೂ ಹೆಚ್ಚು. ಅವು ನಮ್ಮಲ್ಲಿ ಹೆಚ್ಚುತ್ತಿರುವಾಗ ಈ ಪ್ರಶ್ನೆ ಇಲ್ಲಿಗೂ ಬರುತ್ತಿದೆ.

ಕಷ್ಟದ ಜಾಗದಲ್ಲಿಟ್ಟ ಭಾಗದ ಕೂಲಿಯನ್ನು ಯಾರು ಹೊರಬೇಕು ಎಂಬುದು ಕಾನೂನಿನ ಪ್ರಶ್ನೆ. ಕ್ಯಾಲಿಫೋರ್ನಿಯಾದ ಹೊಗೆ ನಿಯಂತ್ರಣ ವಾರಂಟಿಯಲ್ಲಿ ದುಬಾರಿ ಭಾಗಗಳಿಗೆ 7 ವರ್ಷ ಅಥವಾ 70,000 ಮೈಲಿಯ ರಕ್ಷಣೆ ಇದೆ. ಯಾವುದು ದುಬಾರಿ ಎಂದು ನಿರ್ಧರಿಸುವಾಗ ಭಾಗದ ಬೆಲೆಗೆ ಬದಲಿಸುವ ಕೂಲಿಯನ್ನೂ ಸೇರಿಸುತ್ತಾರೆ. ಕೈಗೆ ಸಿಗದಂತೆ ಇಟ್ಟದ್ದರ ಹೊರೆ ಹೀಗೆ ಸ್ವಲ್ಪವಾದರೂ ಇಟ್ಟವರ ಮೇಲೆ ಬೀಳುತ್ತದೆ. ನಮ್ಮಲ್ಲಿ ಸ್ಪರ್ಧಾ ಆಯೋಗವು 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳ ವಿರುದ್ಧ ಕೊಟ್ಟ ಆದೇಶ ಬಿಡಿಭಾಗ ಮತ್ತು ಪರೀಕ್ಷಾ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೂ ದೊರಕಿಸುವುದರ ಬಗ್ಗೆ ಇತ್ತು. ಕೇಂದ್ರದ ರಿಪೇರಿ ಹಕ್ಕಿನ ಪೋರ್ಟಲ್ 2022ರ ಕೊನೆಯಲ್ಲಿ ಬಂದಾಗ ವಾಹನ ಕ್ಷೇತ್ರವೂ ಅದರಲ್ಲಿತ್ತು. ಭಾಗ ಸಿಗುವುದು ಒಂದು ಹಕ್ಕು. ಆ ಭಾಗದ ತನಕ ಸ್ಪ್ಯಾನರ್ ಹೋಗುವಂತೆ ಎಂಜಿನ್ ಜೋಡಿಸಬೇಕೆಂದು ಕೇಳುವುದೂ ಒಂದು ಹಕ್ಕೇ ಎಂಬ ಚರ್ಚೆ ಇನ್ನೂ ಸರಿಯಾಗಿ ಶುರುವಾಗಿಲ್ಲ.

ತಾಂತ್ರಿಕ ಪರಿಹಾರವೊಂದು ಮೂವತ್ತು ವರ್ಷದಿಂದ ಕಣ್ಣೆದುರಿಗಿದೆ. ಸಾಬ್ ಕಂಪನಿ 1990ರ ದಶಕದಲ್ಲೇ ಕಿಡಿ ಆರಿದ ಮೇಲೆ ಪ್ಲಗ್ಗಿನ ತುದಿಯಲ್ಲಿ ಉಳಿಯುವ ಅಯಾನು ಕರೆಂಟನ್ನು ಅಳೆದು, ಪ್ರತಿ ಸಿಲಿಂಡರಿನಲ್ಲಿ ಉರಿ ಹೊತ್ತಿತೇ ಇಲ್ಲವೇ ಎಂದು ಪ್ಲಗ್ಗಿನಿಂದಲೇ ತಿಳಿಯುತ್ತಿತ್ತು. ಸೆಕೆಂಡರಿ ಬದಿಯ ಇಂಥ ಮಾಹಿತಿ ಸ್ಕ್ಯಾನರಿನಲ್ಲಿ ಎಲ್ಲ ಮೆಕ್ಯಾನಿಕ್ಕುಗಳಿಗೂ ಕಾಣುವಂತಾದರೆ ಬಿಚ್ಚುವ ಮೊದಲೇ ಕೆಟ್ಟ ಕಾಯಿಲ್ಲಿನ ನಂಬರ್ ಗೊತ್ತಾಗುತ್ತದೆ. ಪ್ರತಿ ಕಾಯಿಲ್ಲಿನ ಬೆಲೆ ಎಷ್ಟು ಏರುತ್ತದೆ, ಆ ಏರಿಕೆ ಉಳಿಯುವ ಕೂಲಿಗಿಂತ ಕಡಿಮೆಯೇ, ಆ ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೆ ಕೊಡಲು ಕಂಪನಿಗಳು ಒಪ್ಪುತ್ತವೆಯೇ ಎಂಬ ಮೂರೂ ಪ್ರಶ್ನೆಗಳಿಗೆ ಉತ್ತರ ಬರಬೇಕಿದೆ.